ಕಿಟಕಿಯ ಮುಂದಿನ ತಿರುವು

"ನಿಲ್ಲಿ! ಒಂದು ಹೆಜ್ಜೆನೂ ಮುಂದಿಡಬೇಡಿ!"

ಪುಟ್ಟಿ ಇದ್ದಲ್ಲೇ ಮರಗಟ್ಟಿ ನಿಂತಳು. ಅವಳ ಎರಡೂ ಕೈಯಲ್ಲಿ ಮೂರಂತಸ್ತಿನ ಮದುವೆ ಕೇಕಿನ ಡಬ್ಬ. ಅದರ ಎತ್ತರಕ್ಕೆ ಮುಂದಿನ ನೆಲವಿರಲಿ, ತನ್ನ ಕಾಲೇ ಅವಳಿಗೆ ಕಾಣುತ್ತಿರಲಿಲ್ಲ.

"ಯಾರ್ರೀ ಅದು? ಹಿಂಗೆ ಕೂಗಿದ್ರೆ ಎದೆ ಒಡೆದುಹೋಗಲ್ವಾ?"

"ಮೊಣಕಾಲಿನ ಮುಂದೆ ಅಳತೆ ಟೇಪ್ ಕಟ್ಟಿದೀನಿ. ಎಡವಿದ್ರೆ ನೀವು... ಅಯ್ಯೋ, ಡಬ್ಬ ವಾಲ್ತಾ ಇದೆ!"

ನಿಜ, ಡಬ್ಬ ಎಡಕ್ಕೆ ವಾಲಿತ್ತು! ಅಷ್ಟರಲ್ಲಿ ಕೆಳಗಿನಿಂದ ಎರಡು ಕೈ ಬಂದು ಅದನ್ನು ಆತುಕೊಂಡವು. ಅವಳ ಬೆರಳುಗಳು ಆ ಅಂಗೈಗಳ ಮೇಲೇ ಉಳಿದವು.

ಡಬ್ಬದ ಪಕ್ಕದಿಂದ ಒಂದು ಮುಖ ಇಣುಕಿತು. ಕಿವಿಯ ಮೇಲೆ ಪೆನ್ಸಿಲ್, ಹುಬ್ಬಿನ ಮೇಲೆ ಮರದ ಹೊಟ್ಟು, ಗಾಬರಿಯಲ್ಲೂ ನಗುವ ಕಣ್ಣು.

'ಅಜ್ಜಿಯ ಕತೆಯಲ್ಲಿ ರಾಜಕುಮಾರ ಏಳು ಸಮುದ್ರ ದಾಟಿ ಬರ್ತಿದ್ದ... ಇವನು ಟೇಪ್ ಹಿಡ್ಕೊಂಡು ಬಂದಿದಾನೆ!'

"ನೀವು ಯಾರು? ನಮ್ಮ ಅಂಗಳದಲ್ಲಿ..." ಎಂದ ಅವನು.

"ನಿಮ್ಮ ಅಂಗಳಾನಾ? ನಾನು ಅಂಬೆಗಾಲಿಟ್ಟಿದ್ದೇ ಇಲ್ಲಿ!"

ಇಬ್ಬರ ಮಾತೂ ಸುಳ್ಳಲ್ಲ. ಬೀದಿಗೆ ಮುಖ ಮಾಡಿದ ಮನೆ ಒಂದು, ಅದರ ಬೆನ್ನಿಗೆ ಇನ್ನೊಂದು. ಹಿಂದಿನ ಮನೆಯಲ್ಲಿ ಪುಟ್ಟಿ ಮತ್ತು ಅವಳ ಅಜ್ಜಿ ಬಾಡಿಗೆಗಿದ್ದರು. ಅವಳು ಬೇಯಿಸುವ ಕೇಕು ಊರಿಗೆಲ್ಲ ಹೋಗುತ್ತಿತ್ತು. ಹೋಗುವುದಕ್ಕೆ ಇದ್ದದ್ದು ಮುಂದಿನ ಮನೆಯ ಅಂಗಳ ಒಂದೇ. ಆ ಮನೆಯ ದೊಡ್ಡಮ್ಮ ಬದುಕಿದ್ದಷ್ಟು ಕಾಲ "ಓಡಾಡ್ಕೊಳ್ರೇ" ಎಂದಿದ್ದರು. ಅವರು ತೀರಿಕೊಂಡ ಮೇಲೆ ಅವರ ತಂಗಿಯ ಮಗನಾದ ಇವನು ಬ್ಯಾಂಕಿನಿಂದ ಸಾಲ ತೆಗೆದು ಉಳಿದ ವಾರಸುದಾರರಿಂದ ಮನೆ ಕೊಂಡುಕೊಂಡಿದ್ದ. ಪಿಟೀಲು ರಿಪೇರಿ ಅವನ ಕಸುಬು. ಅಂಗಳದ ಕಡೆಗೆ ವರ್ಕ್‌ಶಾಪನ್ನು ದೊಡ್ಡದು ಮಾಡಬೇಕೆಂದು ಆವತ್ತು ಅಳೆಯುತ್ತಿದ್ದ.

ಕೊನೆಗೆ ಇಬ್ಬರೂ ಸೇರಿ ಕೇಕನ್ನು ವ್ಯಾನಿನವರೆಗೆ ಹೊತ್ತರು.

ಆಮೇಲೆ ದಿನವೂ ಅದೇ ಕತೆ! ಅವಳು ಅಂಗಳಕ್ಕೆ ಕಾಲಿಟ್ಟರೆ ಒಳಗಿನ ಪಿಟೀಲು ಅರ್ಧಕ್ಕೆ ನಿಲ್ಲುತ್ತಿತ್ತು. ಕಿಟಕಿ ದಾಟಿದ ಮೇಲೆ ಮತ್ತೆ ಶುರುವಾಗುತ್ತಿತ್ತು, ಸ್ವಲ್ಪ ಅಪಶ್ರುತಿಯಲ್ಲಿ.

"ಏನೇ, ನಿನ್ನ ಪಿಟೀಲಪ್ಪ ಇವತ್ತು ಬಹಳ ಸಲ ತಪ್ಪಿದ?" ಅಜ್ಜಿ ವಾಕರ್ ಊರಿಕೊಂಡು ಬಾಗಿಲಲ್ಲೇ ಕಾದಿರುತ್ತಿದ್ದಳು.

"ನನ್ನ ಪಿಟೀಲಪ್ಪ ಏನಲ್ಲ ಅಜ್ಜಿ!"

"ಹೌದೌದು. ಅದಕ್ಕೇ ಬರೀ ಸಕ್ಕರೆ ತರೋಕೆ ಹೋದವಳು ಕನ್ನಡಿ ಮುಂದೆ ಅಷ್ಟು ಹೊತ್ತು ನಿಂತಿದ್ದೆ."

ಇಷ್ಟರಲ್ಲಿ ಪುಟ್ಟಿಯ ಮನೆಯ ಓನರ್ ಅಂಕಲ್ ಅದನ್ನು ಮಾರುತ್ತೇನೆಂದರು. "ಮೊದಲು ನಿಮ್ಮನ್ನೇ ಕೇಳ್ತಿದೀನಮ್ಮ. ಈ ತಿಂಗಳೊಳಗೆ ಸಾಲ ಆದ್ರೆ ಮನೆ ನಿಮ್ಮದು. ಇಲ್ಲಾಂದ್ರೆ ರೊಕ್ಕ ಕೈಯಲ್ಲಿಟ್ಟುಕೊಂಡು ಇನ್ನೊಬ್ಬ ಕಾಯ್ತಿದಾನೆ."

ಆ ಇನ್ನೊಬ್ಬ ಬಂದರೆ ಅಜ್ಜಿ, ಓವನ್ನು, ಗಂಟುಮೂಟೆ ಎಲ್ಲವೂ ಬೀದಿಗೆ!

ಪುಟ್ಟಿ ಕಾಗದಗಳ ಕಟ್ಟು ಹಿಡಿದು ಬ್ಯಾಂಕಿನ ವಕೀಲಮ್ಮನ ಎದುರು ಕುಳಿತಳು. ವಕೀಲಮ್ಮ ಒಂದೊಂದೇ ಹಾಳೆ ಮಗುಚಿದರು.

"ಮಾರೋವರ ಹೆಸರಲ್ಲೇ ಇದೆ, ಸರಿ. ಮನೆ ಮೇಲೆ ಬೇರೆ ಸಾಲ ಇಲ್ಲ, ಸರಿ. ತೆರಿಗೆ ಕಟ್ಟಿದಾರೆ. ಎಲ್ಲ ಚೆನ್ನಾಗಿದೆಯಮ್ಮ... ಒಂದೇ ಪ್ರಶ್ನೆ. ಈ ಮನೆಗೆ ದಾರಿ ಎಲ್ಲಿದೆ?"

"ಮುಂದಿನ ಮನೆ ಅಂಗಳದಲ್ಲಿ ಮೇಡಂ. ಅಲ್ಲಿದ್ದ ದೊಡ್ಡಮ್ಮ ಮೊದಲಿಂದಲೂ ಬಿಟ್ಟಿದ್ರು!"

"ಪತ್ರದಲ್ಲಿ ಎಲ್ಲಿದೆ ಅಂತ ಕೇಳಿದ್ದು. ಆ ದೊಡ್ಡಮ್ಮ ಬಾಯಿಮಾತಲ್ಲಿ ಬಿಟ್ಟಿದ್ರು. ಅವರ ಜೊತೆಗೇ ಆ ಮಾತೂ ಹೋಯ್ತು. ದಾರಿಗೋಸ್ಕರ ಕೋರ್ಟಿಗೆ ಹೋದ್ರೆ ಸಿಗಬಹುದು, ಆದ್ರೆ ಅಲ್ಲಿವರೆಗೆ ನಿಮ್ಮ ಓನರೂ ಕಾಯಲ್ಲ, ಬ್ಯಾಂಕೂ ಕಾಯಲ್ಲ. ದಾರಿಯಿಲ್ಲದ ಮನೆ ಮೇಲೆ ಯಾರೂ ಸಾಲ ಕೊಡಲ್ಲ."

ಪುಟ್ಟಿ ಅಲ್ಲಿಂದ ನೇರ ಓನರ್ ಅಂಕಲ್ ಹತ್ತಿರ ಓಡಿದಳು.

"ಅದಕ್ಕೇನು ತಲೆ ಕೆಡಿಸ್ಕೋತೀಯ?" ಎಂದರು ಓನರ್ ಅಂಕಲ್. ತಾವೇ ಒಂದು ಅನುಮತಿ ಪತ್ರ ಟೈಪ್ ಮಾಡಿಸಿ ಕೊಟ್ಟರು. "ಆ ಹುಡುಗನ ಒಂದು ಸಹಿ ಬಿದ್ರೆ ಆಯ್ತು."

ಅವನಾ? ಅವನು ಇಲ್ಲ ಅಂತಾನಾ! ಪುಟ್ಟಿ ಹಾರಿಕೊಂಡೇ ಅವನ ಬಾಗಿಲಿಗೆ ಹೋದಳು.

ಅವನು ಪತ್ರ ಓದಿದ. ಇನ್ನೊಮ್ಮೆ ಓದಿದ. ನಗುವ ಕಣ್ಣು ಮಂಕಾಯಿತು.

"ಇದಕ್ಕೆ ನಾನು ಸಹಿ ಹಾಕಲ್ಲ."

"...ಏನಂದ್ರಿ?"

"ಇದು ಬರೀ ಅನುಮತಿ, ಅದಕ್ಕೇ..."

"ಬರೀ ಅನುಮತಿ!" ಪುಟ್ಟಿ ರೇಗಿದಳು. "ಅಷ್ಟೇ ಅಷ್ಟನ್ನೂ ಕೊಡೋಕೆ ಆಗಲ್ವಾ ನಿಮಗೆ? ನಾನೇನು ನಿಮ್ಮ ಮನೆ ಕೇಳಿದ್ನಾ?"

"ಸ್ವಲ್ಪ ಕೇಳ್ರೀ... ನನಗೆ ಒಂದಿಷ್ಟು ದಿನ ಕೊಡಿ. ಈಗಲೇ ಏನೂ ಹೇಳೋಕಾಗಲ್ಲ."

"ಬೇಡ ಬಿಡಿ! ಏನೂ ಹೇಳ್ಬೇಡಿ!"

ಪತ್ರ ಕಿತ್ತುಕೊಂಡು ಹೊರಟಳು. ಆದರೆ ಕೋಪ ಮಾಡಿಕೊಂಡು ಹೋಗುವುದಾದರೂ ಎಲ್ಲಿಂದ? ಅವನ ಅಂಗಳದಲ್ಲೇ, ಅವನ ಕಿಟಕಿಯ ಮುಂದೆಯೇ! ಅಷ್ಟು ಅವಮಾನ ಅವಳಿಗೆ ಎಂದೂ ಆಗಿರಲಿಲ್ಲ.

"ಅಜ್ಜಿ, ನಿನ್ನ ಪಿಟೀಲಪ್ಪ ನಮ್ಮನ್ನ ನಡುನೀರಲ್ಲಿ ಕೈಬಿಟ್ಟ," ಎಂದು ಮಡಿಲಲ್ಲಿ ಮುಖ ಹುದುಗಿಸಿದಳು.

"ಈಗ ನನ್ನವನಾದ್ನಾ?" ಅಜ್ಜಿ ತಲೆ ಸವರಿದಳು. "ಅವನು ಹೇಳೋದನ್ನ ಪೂರ್ತಿ ಕೇಳಿದ್ಯೇನೇ?"

ಪುಟ್ಟಿ ಎದ್ದು ಹಿಟ್ಟು ಜರಡಿ ಹಿಡಿಯಲು ಹೋದಳು.

ದಿನಗಳು ಸರಿದವು. ಪಿಟೀಲು ಈಗ ಸದ್ದೇ ಮಾಡುತ್ತಿರಲಿಲ್ಲ. ಅವನು ಬೆಳಗಾದರೆ ಎಲ್ಲಿಗೋ ಹೋಗುತ್ತಿದ್ದ. ಒಂದು ಸಂಜೆ ಅವಳು ಬರುವಾಗ ಅಂಗಳದ ತುಂಬ ಗೂಟಗಳು! ಗೂಟದಿಂದ ಗೂಟಕ್ಕೆ ಬಿಗಿದ ದಾರ.

'ಬೇಲಿ... ಬೇಲಿ ಹಾಕಿಸ್ತಿದಾನೆ!'

ಅವಳ ಕಣ್ಣಲ್ಲಿ ನೀರು ತುಂಬಿತು. ಮನೆ ಹೋಗುತ್ತದೆಂಬ ದುಃಖ ಒಂದು ಕಡೆ. ಆ ಕೈಗಳೇ ಗೂಟ ಹೊಡೆದವಲ್ಲ ಎಂಬ ದುಃಖ ಅದಕ್ಕಿಂತ ದೊಡ್ಡದು.

ಮರುದಿನ ವಕೀಲಮ್ಮನ ಫೋನು ಬಂತು. ಸಾಲ ಆಗಲ್ಲ ಅನ್ನುವುದಕ್ಕೇ ಕರೆದಿದ್ದಾರೆಂದುಕೊಂಡು ಪುಟ್ಟಿ ಕಲ್ಲುಮನಸ್ಸು ಮಾಡಿಕೊಂಡು ಹೋದಳು.

"ಕೂತ್ಕೋ. ಮೊದಲು ನೀರು ಕುಡಿ. ನಿನ್ನ ಸಾಲಕ್ಕೆ ನನ್ನ ಕಡೆಯಿಂದ ಒಪ್ಪಿಗೆ ಬರೆದಾಯ್ತು."

"ಆದ್ರೆ... ದಾರಿ?"

"ದಾರೀನೂ ಬಂತು." ವಕೀಲಮ್ಮ ಕನ್ನಡಕ ಮೇಲೇರಿಸಿ ನಕ್ಕರು. "ನಿಮ್ಮ ಮುಂದಿನ ಮನೆಯವನು ಬಂದಿದ್ದ. 'ಅನುಮತಿ ಪತ್ರ ಕೊಟ್ರೆ ಸಾಕಾ?' ಅಂದ. ಅದು ಗಾಳಿಯಲ್ಲಿಟ್ಟ ದೀಪ ಕಣಪ್ಪ ಅಂದೆ. ಕೊಟ್ಟವನು ಬೇಡ ಅಂದ್ರೆ ಮುಗೀತು, ನಾಳೆ ಮನೆ ಮಾರಿದ್ರೂ ಮುಗೀತು. 'ನನಗೂ ಹಾಗನ್ನಿಸಿತ್ತು ಮೇಡಂ. ಯಾರಿಂದಲೂ ವಾಪಸ್ ತಗೊಳ್ಳೋಕೆ ಆಗದ ಹಾಗೆ ಕೊಡೋದು ಹೇಗೆ?' ಅಂದ. ದಾರಿಯ ಹಕ್ಕನ್ನೇ ಪತ್ರ ಮಾಡಿ ನೋಂದಣಿ ಮಾಡಿಸಬೇಕು ಅಂದೆ."

ಪುಟ್ಟಿ ಲೋಟ ಕೆಳಗಿಟ್ಟಳು.

"ಮತ್ತೆ... ನನಗೆ ಯಾಕೆ ಹೇಳ್ಲಿಲ್ಲ?"

"ಅವನ ಮನೆ ಅಡಮಾನದಲ್ಲಿದೆಯಲ್ಲಮ್ಮ. ಅಡ ಇಟ್ಟ ಜಾಗದಲ್ಲಿ ಇನ್ನೊಬ್ಬರಿಗೆ ಹಕ್ಕು ಬರೆದುಕೊಡಬೇಕಾದ್ರೆ ಸಾಲ ಕೊಟ್ಟ ಬ್ಯಾಂಕು ಒಪ್ಪಬೇಕು. ಒಪ್ಪೋದು ಗ್ಯಾರಂಟಿ ಇರ್ಲಿಲ್ಲ. 'ಆಸೆ ಹುಟ್ಟಿಸಿ ಆಮೇಲೆ ಇಲ್ಲ ಅನ್ನೋಕೆ ನನ್ನ ಕೈಲಾಗಲ್ಲ, ಹೇಳ್ಬೇಡಿ' ಅಂದ. ದಿನಾ ಆ ಬ್ಯಾಂಕಿಗೆ ಅಲೆದು ನಿನ್ನೆ ಒಪ್ಪಿಗೆ ತಂದಿದಾನೆ. ದಾರಿ ಗುರುತು ಮಾಡಿ ನಕ್ಷೆಯನ್ನೂ ಬರೆಸಿದಾನೆ."

ಗೂಟಗಳು! ಅದು ಬೇಲಿಯಲ್ಲ... ದಾರಿ!

ಪುಟ್ಟಿಗೆ ನಗು, ಅಳು ಎರಡೂ ಒಟ್ಟಿಗೆ ನುಗ್ಗಿ ಬಂದವು. ಎಷ್ಟೋ ದಿನದಿಂದ ಎದೆಯ ಮೇಲೆ ಕುಳಿತಿದ್ದ ಬಂಡೆ ಉರುಳಿ ಬಿತ್ತು.

ಮನೆಗೆ ಓಡಿದಳು. ಅವನು ಅಂಗಳದಲ್ಲಿ ಮಂಡಿಯೂರಿ ಸಡಿಲವಾದ ಗೂಟವೊಂದನ್ನು ಬಿಗಿ ಮಾಡುತ್ತಿದ್ದ.

"ನನ್ನ ಮೇಲೆ ಒಂದ್ಸಲ ರೇಗಬಾರದಿತ್ತಾ? ಬಾಯಿ ಮುಚ್ಚು, ಪೂರ್ತಿ ಕೇಳು ಅಂತ!"

"ಕೇಕ್ ಮಾಡೋ ಕೈ... ಚಾಕು ಇರುತ್ತಲ್ಲ ಅಂತ ಹೆದರಿದೆ."

ಅಳುತ್ತಲೇ ನಕ್ಕಳು. "ತಪ್ಪಾಯ್ತು ರೀ."

"ಬಿಡಿ." ಅವನು ಮಣ್ಣು ಕೊಡವಿಕೊಂಡು ಎದ್ದ. "ಮೊದಲಿದ್ದ ಅಂಗಡಿಯಲ್ಲಿ ನಾನೂ ಬಾಯಿಮಾತು ನಂಬಿ ಕೂತಿದ್ದೆ. ಮಾಲೀಕ ಬದಲಾದ. ಎಲ್ಲ ಪಿಟೀಲು ಹೊತ್ಕೊಂಡು ರಸ್ತೇಲಿ ನಿಂತಿದ್ದೆ. ಅಜ್ಜೀನೂ ನೀವೂ ಹಾಗೆ ನಿಲ್ಲಬಾರದು ಅನ್ನಿಸ್ತು."

ಅವಳ ಕಣ್ಣು ದಾರದ ಗುಂಟ ಹರಿಯಿತು. ಗೋಡೆಯ ಪಕ್ಕದಲ್ಲಿ ನೆಟ್ಟಗೆ ಹೋಗಬಹುದಾಗಿದ್ದ ದಾರಿ ನಡು ಅಂಗಳದಲ್ಲಿ ತಿರುಗಿ ಅವನ ಕಿಟಕಿಯ ಮುಂದೆ ಹಾದು ಹೋಗಿತ್ತು.

"ಈ ತಿರುವು ಯಾಕೆ? ನೇರ ಹಾಕಿದ್ರೆ ವರ್ಕ್‌ಶಾಪಿಗೆ ನಿಮಗೆ ಜಾಗ ಉಳೀತಿತ್ತಲ್ಲ!"

"ಆ ಕಡೆ ಮೆಟ್ಟಿಲಿದೆ. ಅಜ್ಜಿ ವಾಕರ್ ಹತ್ತಲ್ಲ."

"ಅಷ್ಟೇನಾ?"

ಅವನ ಕಿವಿ ಕೆಂಪಾಯಿತು. "ಇನ್ನೊಂದು ಕಾರಣ ಇದೆ. ನೋಂದಣಿ ಆಗ್ಲಿ, ಹೇಳ್ತೀನಿ."

ನೋಂದಣಿ ಕಚೇರಿಯಲ್ಲಿ ಸಹಿ ಬಿತ್ತು, ಬೆರಳಚ್ಚು ಬಿತ್ತು, ಮೊಹರು ಬಿತ್ತು. ಮನೆಯ ಪತ್ರ, ದಾರಿಯ ಪತ್ರ ಎರಡೂ ಅವಳ ಹೆಸರಿಗೆ ಬಂದವು. ಅಜ್ಜಿ ಸಿಕ್ಕಸಿಕ್ಕವರಿಗೆಲ್ಲ "ನಮ್ಮನೆ ಕಣ್ರೀ, ಸ್ವಂತದ್ದು" ಎಂದಳು. ಹಿಂತಿರುಗಿ ಅಂಗಳಕ್ಕೆ ಬಂದಾಗ, "ನನಗೆ ಕಾಲು ನೋವು" ಎಂದು ಇಬ್ಬರನ್ನೂ ಹಿಂದೆ ಬಿಟ್ಟು ವಾಕರ್ ತಳ್ಳಿಕೊಂಡು ಎಂದೂ ಇಲ್ಲದ ವೇಗದಲ್ಲಿ ಹೋಗಿಬಿಟ್ಟಳು.

ತಿರುವಿನಲ್ಲಿ ಪುಟ್ಟಿ ನಿಂತಳು. "ಈಗ ಹೇಳಿ."

ಅವನು ಉಸಿರೆಳೆದುಕೊಂಡ.

"ಈಗ ನನ್ನ ಹಂಗು ನಿಮಗಿಲ್ಲ. ನನ್ನ ಮುಖ ನೋಡದೇ ಜೀವನಪೂರ್ತಿ ಇಲ್ಲಿ ಓಡಾಡಬಹುದು, ಯಾರೂ ತಡೆಯೋಕಾಗಲ್ಲ. ಅದಕ್ಕೇ ಇವತ್ತಿನವರೆಗೂ ಕಾದೆ..." ಅವನ ದನಿ ಇಳಿಯಿತು. "ನೇರ ದಾರಿ ಕೊಟ್ಟಿದ್ರೆ ನೀವು ನನ್ನ ಕಿಟಕಿ ಮುಂದೆ ಬರ್ತಾ ಇರ್ಲಿಲ್ಲ. ನಿಮ್ಮ ಹೆಜ್ಜೆ ಸದ್ದು ಕೇಳದೇ ಇದ್ರೆ ನನ್ನ ಕೈಯಲ್ಲಿ ಯಾವ ತಂತೀನೂ ಶ್ರುತಿಗೆ ಬರಲ್ಲ ರೀ."

'ನನಗೂ... ನನಗೂ ಆ ಪಿಟೀಲು ನಿಲ್ಲದಿದ್ರೆ ದಿನ ಶುರುವಾಗಲ್ಲ...' ಎದೆಯೊಳಗಿನ ಮಾತು ತುಟಿಗೆ ಬರುವಷ್ಟರಲ್ಲಿ ನಗುವಾಯಿತು.

"ಹಾಗಾದ್ರೆ ನಾಳೆಯಿಂದ ನಾನು ಇಲ್ಲಿ ನಡ್ಕೊಂಡು ಹೋಗಲ್ಲ."

"ಅಯ್ಯೋ! ಯಾಕೆ?"

"ಈ ಕಿಟಕಿ ಮುಂದೆ ನಿಂತುಬಿಡ್ತೀನಿ."

ಅವನ ಕಣ್ಣುಗಳು ಮೊದಲ ದಿನದ ಹಾಗೆ ನಕ್ಕವು. "ಅದಾಗಲ್ಲ. ವಕೀಲಮ್ಮ ಬರೆದಿರೋದು ಓಡಾಡೋ ಹಕ್ಕು ಮಾತ್ರ. ನಿಲ್ಲೋದಕ್ಕೆ ಪತ್ರದಲ್ಲಿ ಜಾಗ ಇಲ್ಲ."

ಪುಟ್ಟಿ ಒಂದು ಹೆಜ್ಜೆ ಮುಂದೆ ಬಂದು ಅವನ ಅಂಗೈಯಲ್ಲಿ ತನ್ನ ಬೆರಳಿಟ್ಟಳು.

"ಹಾಗಾದ್ರೆ... ಬಾಗಿಲು ತೆಗೀರಿ."