ಕನ್ನಡಿಯ ಹಿಂದಿನ ಕ್ಯಾಮೆರಾ

ಸೋಮವಾರ ಬೆಳಿಗ್ಗೆ 9.40ಕ್ಕೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಶಾಲಾ ವ್ಯಾನಿನ ಚಾಲಕನ ಹೆಂಡತಿ. ಶುಕ್ರವಾರ ಬೆಳಿಗ್ಗೆ 8.20ಕ್ಕೆ ಆ ವ್ಯಾನಿಗೂ ಒಂದು ಸ್ಕೂಟರಿಗೂ ಡಿಕ್ಕಿಯಾಗಿ, ಸ್ಕೂಟರಿನ ಹಿಂದೆ ಕುಳಿತಿದ್ದ ಮುದುಕಿ ಸ್ಥಳದಲ್ಲೇ ಸತ್ತಿದ್ದಳು. ಓಡಿಸುತ್ತಿದ್ದವನು ಅವಳ ಕಿರಿಮಗ. ಕಾಲು ಮುರಿದು ಆಸ್ಪತ್ರೆಯಲ್ಲಿದ್ದ. ತಲೆಗೆ ಪೆಟ್ಟು ಬಿದ್ದು ಏನೂ ನೆನಪಿಲ್ಲ ಎಂದಿದ್ದ. ವ್ಯಾನ್ ಚಾಲಕ ಜೈಲಿನಲ್ಲಿದ್ದ, ಜಾಮೀನು ಅರ್ಜಿಯ ವಿಚಾರಣೆ ಬುಧವಾರಕ್ಕಿತ್ತು.

"ನನ್ನ ಗಂಡ ತಮ್ಮ ಪಾಡಿಗೆ ತಮ್ಮ ದಾರೀಲಿ ಹೋಗ್ತಿದ್ರು ಮೇಡಂ. ಎಲ್ಲಾ ಕ್ಯಾಮೆರಾದಲ್ಲಿದೆ, ನೋಡಿ ಸಾಕು."

"ಯಾವ ಕ್ಯಾಮೆರಾ?" ಎಂದರು ಇನ್‌ಸ್ಪೆಕ್ಟರ್.

ಠಾಣೆಯ ಕಾಗದಪತ್ರವೆಲ್ಲ ಬರೆಯುವ ಹೆಡ್ ಕಾನ್‌ಸ್ಟೇಬಲನನ್ನು ಎಲ್ಲರೂ ಕರೆಯುವುದು ರೈಟರ್ ಎಂದೇ. ಆತ ವ್ಯಾನಿನ ಜಪ್ತಿ ಪಂಚನಾಮೆ ತೆಗೆದು ಓದಿದ. "ಸ್ಟೆಪ್ನಿ ಒಂದು, ಜಾಕ್ ಒಂದು, ಬೆಂಕಿ ಆರಿಸೋ ಸಿಲಿಂಡರ್ ಒಂದು. ಕ್ಯಾಮೆರಾ ಇಲ್ಲ ಮೇಡಂ."

"ವ್ಯಾನ್ ನೋಡಿ ಬರೆದ್ರೋ, ಹೋದ ಸಲದ ಪಂಚನಾಮೆ ನೋಡಿ ಬರೆದ್ರೋ?"

ರೈಟರ್ ಕೆಮ್ಮಿದ. ಯಾವ ವ್ಯಾನ್ ಜಪ್ತಿಯಾದರೂ ಹಳೆಯ ಪಟ್ಟಿಯನ್ನೇ ಇಳಿಸಿಕೊಂಡು ನಂಬರ್ ಬದಲಾಯಿಸುವುದು ಆತನ ವರ್ಷಗಳ ರೂಢಿ. ಹಳೆಯ ಪಟ್ಟಿಯಲ್ಲಿ ಕ್ಯಾಮೆರಾ ಇರಲಿಲ್ಲ, ಹಾಗಾಗಿ ಈ ವ್ಯಾನಿನಲ್ಲೂ ಇರಲಿಲ್ಲ!

ಹೆಂಗಸು ಪರ್ಸಿನಿಂದ ರಸೀದಿ ತೆಗೆದು ಮೇಜಿನ ಮೇಲಿಟ್ಟಳು. "ಎರಡು ತಿಂಗಳು ಹುಡುಕಿ ಆರಿಸಿದ್ದು ನಾನೇ. ಪರದೆ ಇರೋದು ಬೇಡ ಅಂದೆ. ಕಳ್ಳರ ಕಣ್ಣು ಬೀಳುತ್ತೆ, ಇವರ ಕಣ್ಣೂ ರಸ್ತೆ ಬಿಟ್ಟು ಅದರ ಮೇಲೇ ಇರುತ್ತೆ. ಬಿಸಿಲಿಗೆ ಕೆಡಬಾರದು, ಎದುರಿನ ಗಾಡಿ ನಂಬರ್ ಓದೋಕಾಗ್ಬೇಕು, ಅಷ್ಟೇ. ಬೆಂಕಿಪೊಟ್ಟಣದಷ್ಟಿದೆ. ಒಳಗಿನ ಕನ್ನಡಿ ಹಿಂದೆ ಕೂರಿಸಿದ್ರೆ ಹೊರಗಿನವರಿಗೆ ಕಾಣೋದೇ ಇಲ್ಲ."

"ನಮ್ಮವರಿಗೂ ಕಾಣಲಿಲ್ಲ," ಎಂದು ಇನ್‌ಸ್ಪೆಕ್ಟರ್ ಎದ್ದರು.

ಠಾಣೆಯ ಹಿತ್ತಲಲ್ಲಿ ಜಪ್ತಿ ವಾಹನಗಳ ಸಾಲು. ವ್ಯಾನಿನ ಪಕ್ಕದಲ್ಲೇ ಆ ಸ್ಕೂಟರ್. ಡಿಕ್ಕಿಯಲ್ಲಿ ವ್ಯಾನಿನ ಎಡಗಡೆ ಕಿಟಕಿ ಒಡೆದುಹೋಗಿತ್ತು, ಯಾರು ಬೇಕಾದರೂ ಕೈ ಹಾಕಿ ಬಾಗಿಲು ತೆಗೆಯಬಹುದಿತ್ತು. ಕನ್ನಡಿಯ ಹಿಂದೆ ಏನೂ ಇರಲಿಲ್ಲ.

ಕಡ್ಡಿ ಎಂದೇ ಹೆಸರಾದ ಸಣಕಲು ಕಾನ್‌ಸ್ಟೇಬಲ್ ಇಣುಕಿ ನೋಡಿದ. "ಹಾಕಿದ್ದೇ ಸುಳ್ಳು ಮೇಡಂ. ಗಾಜಿನ ಮೇಲೆ ಅಂಟಿನ ಗುರುತೂ ಇಲ್ಲ."

"ಸರಿಯಾಗಿ ನೋಡೋ. ಗಾಜಿಗೆಲ್ಲಾ ಒಳಗಿಂದ ಧೂಳು ಹಿಡಿದಿದೆ. ಕನ್ನಡಿ ಹಿಂದೆ ನಾಲ್ಕು ಬೆರಳಗಲ ಮಾತ್ರ ಫಳಫಳ ಅಂತಿದೆ."

ಇನ್‌ಸ್ಪೆಕ್ಟರ್ ವ್ಯಾನಿನ ಚಾವಣಿಯ ಬಟ್ಟೆಯ ಅಂಚಿಗೆ ಬೆರಳು ತೂರಿಸಿದರು. ವೈರ್ ಸಿಕ್ಕಿತು. ಅದರ ತುದಿಯನ್ನು ಸುರುಳಿ ಸುತ್ತಿ, ಪಟ್ಟಿ ಕಟ್ಟಿ, ನೀಟಾಗಿ ಒಳಗೆ ಸೇರಿಸಲಾಗಿತ್ತು.

ಎದುರು ರಸ್ತೆಯ ಕಾರ್ ಬಿಡಿಭಾಗಗಳ ಅಂಗಡಿಯವನನ್ನು ಕರೆಸಿದರು. ಆತ ಗಾಜು ಸವರಿ ನಕ್ಕ. "ಸುಮ್ನೆ ಕಿತ್ರೆ ಅಂಟು ಅರ್ಧ ಗಾಜಿನ ಮೇಲೇ ಉಳಿಯುತ್ತೆ. ಇವನು ದಾರ ತೂರಿಸಿ ಗರಗಸದ ಥರ ಎಳೆದು ಬಿಡಿಸಿದಾನೆ. ಆಮೇಲೆ ಸ್ಪಿರಿಟ್ ಹಾಕಿ ಒರೆಸಿದಾನೆ. ಕಳ್ಳನಿಗೆ ಇಷ್ಟು ಪುರುಸೊತ್ತೆಲ್ಲಿ? ಇದು ನಮ್ಮ ಕಸುಬಿನವನ ಕೈ. ಗಲೀಜು ಬಿಟ್ಟು ಬಂದ್ರೆ ನಮಗೆ ಊಟ ಸೇರಲ್ಲ ಮೇಡಂ."

ಮಧ್ಯಾಹ್ನ 12.15ಕ್ಕೆ FIR ಬರೆಯಲು ಹೇಳಿದಾಗ ರೈಟರ್ ಪೆನ್ನು ಕೆಳಗಿಟ್ಟ. "ನಮ್ಮ ಹಿತ್ತಲಲ್ಲೇ ಕಳವಾಯ್ತು ಅಂತ ನಾವೇ ಬರೆದ್ರೆ ಠಾಣೆ ಮಾನ ಹರಾಜಾಗುತ್ತೆ."

"ಆಗ್ಲಿ. ಅಲ್ಲೊಬ್ಬ ನಾಲ್ಕು ದಿನದಿಂದ ಒಳಗಿದಾನೆ. ಬರೀರಿ."

ಕ್ಯಾಮೆರಾ ಅಲ್ಲಿರುವುದು ಗೊತ್ತಿದ್ದವರು ಮೂವರೇ: ಗಂಡ, ಹೆಂಡತಿ, ಕೂರಿಸಿದವನು. ಇನ್‌ಸ್ಪೆಕ್ಟರ್ ಸಂದರ್ಶಕರ ಪುಸ್ತಕ ತರಿಸಿದರು. ಶನಿವಾರ 11.40. ಮೃತಳ ಹಿರಿಮಗ. ಸ್ಕೂಟರಿನಲ್ಲಿದ್ದ ತಾಯಿಯ ಕೈಚೀಲ ಪಡೆಯಲು. ಹೊರಟದ್ದು 12.05.

"ಇಪ್ಪತ್ತೈದು ನಿಮಿಷ! ಜೊತೆಗೆ ಯಾರಿದ್ರು?"

"ಯಾರೂ ಇಲ್ಲ ಮೇಡಂ," ಎಂದ ಕಡ್ಡಿ, ನೆಲ ನೋಡುತ್ತ. ಶನಿವಾರದ ಪಹರೆ ಅವನದೇ. "ಪಾಪ, ತಾಯಿ ಕಳ್ಕೊಂಡೋನು. ಒಬ್ಬನೇ ಅತ್ತು ಹಗುರಾಗ್ಲಿ ಅಂತ ಬಿಟ್ಟೆ. ಹೆಗಲಿಗೆ ಸಾಮಾನಿನ ಚೀಲ ಇತ್ತು, ನೋಡ್ಲಿಲ್ಲ."

ಪುಸ್ತಕದಲ್ಲಿ ಬರೆದಿದ್ದ ಫೋನ್ ನಂಬರಿನ ಪಕ್ಕ ಇನ್‌ಸ್ಪೆಕ್ಟರ್ ಕ್ಯಾಮೆರಾದ ರಸೀದಿಯನ್ನಿಟ್ಟರು. ರಸೀದಿಯ ಮೇಲಿದ್ದ ಅಂಗಡಿಯ ನಂಬರೂ ಅದೇ.

ಮಧ್ಯಾಹ್ನ 3.30. ಅಂಗಡಿಯ ಅರ್ಧ ಎಳೆದ ಬಾಗಿಲಿನ ಒಳಗೆ ಹಿರಿಮಗ ಸುಮ್ಮನೆ ಕುಳಿತಿದ್ದ. ಪೊಲೀಸರನ್ನು ಕಂಡು ಗಾಬರಿಯಾಗಲಿಲ್ಲ.

"ಶನಿವಾರ ಠಾಣೆಗೆ ಯಾಕೆ ಬಂದಿದ್ರಿ?"

"ಅಮ್ಮನ ಚೀಲಕ್ಕೆ."

"ವ್ಯಾನ್ ಗುರುತು ಸಿಕ್ತಾ?"

"ನಾನು ಕ್ಯಾಮೆರಾ ಕೂರಿಸಿದ ಗಾಡಿ ಸಿಗದೆ ಇರುತ್ತಾ?"

"ಯಾಕೆ ತೆಗೆದ್ರಿ?"

"ಆ ಡ್ರೈವರನ್ನ ಬಿಡಬಾರದು ಅಂತ. ನಿಮ್ಮ ಹತ್ರ ಇದ್ರೆ ಯಾರಾದ್ರೂ ಅಳಿಸಿಬಿಡ್ತಾರೆ ಅಂದ್ಕೊಂಡೆ. ನಾನೇ ಕೋರ್ಟಿಗೆ ಕೊಡೋಣ ಅಂತ ಮನೆಗೆ ತಂದು ನೋಡಿದೆ. ನೋಡಬಾರದಿತ್ತು."

ತಾಯಿಯ ಕೈಚೀಲದಿಂದ ಕನ್ನಡಕದ ಡಬ್ಬಿ ತೆಗೆದು ಕೊಟ್ಟ. ಮೆಮೊರಿ ಕಾರ್ಡ್ ಅದರೊಳಗಿತ್ತು, ಕ್ಯಾಮೆರಾ ಚೀಲದಲ್ಲೇ ಇತ್ತು.

ಇಬ್ಬರು ಪಂಚರ ಎದುರು ಅದನ್ನು ನೋಡಿದರು. ಏಕಮುಖ ರಸ್ತೆ. ವ್ಯಾನ್ ನಿಧಾನವಾಗಿ ತನ್ನ ಬದಿಯಲ್ಲೇ ಹೋಗುತ್ತಿದೆ. ತಿರುವಿನಲ್ಲಿ ಎದುರಿನಿಂದ, ಬರಬಾರದ ಕಡೆಯಿಂದ, ಸ್ಕೂಟರ್ ಬರುತ್ತಿದೆ. ಹಿಂದೆ ಕೂತ ಮುದುಕಿ ಮಗನ ಭುಜ ಬಡಿಯುತ್ತ, ವಾಪಸು ತಿರುಗು ಎಂಬಂತೆ ಹಿಂದಕ್ಕೆ ಕೈ ತೋರಿಸುತ್ತಿದ್ದಾಳೆ. ವ್ಯಾನ್ ಬ್ರೇಕ್ ಹಾಕಿತು. ಅಲ್ಲಿಗೆ ಮುಗಿಯಿತು. ಇನ್‌ಸ್ಪೆಕ್ಟರ್ ಕಾರ್ಡ್ ಹೊರತೆಗೆದರು.

"ಇದನ್ನ ಸುಟ್ಟು ಹಾಕಿದ್ರೆ ನಿಮ್ಮನ್ನ ಹಿಡಿಯೋದು ಕಷ್ಟವಾಗ್ತಿತ್ತು," ಎಂದರು.

"ಅದರಲ್ಲಿ ಅಮ್ಮ ಇದಾಳೆ ಮೇಡಂ. ಹೇಗೆ ಸುಡ್ಲಿ?"

ಕಾರ್ಡ್ ಮತ್ತು ಕ್ಯಾಮೆರಾ ಸೀಲ್ ಆದವು. 4.50ಕ್ಕೆ ದಸ್ತಗಿರಿ. ಉದ್ದೇಶ ಎಂಬಲ್ಲಿ ರೈಟರನ ಪೆನ್ನು ನಿಂತಿತು. "ಕದ್ದದ್ದು ಡ್ರೈವರನ್ನ ಬಿಡಬಾರದು ಎಂದು, ಬಚ್ಚಿಟ್ಟದ್ದು ತಮ್ಮನಿಗೆ ಗೊತ್ತಾಗದಿರಲಿ ಎಂದು, ಅಷ್ಟೇ ಬರೀರಿ," ಎಂದರು ಇನ್‌ಸ್ಪೆಕ್ಟರ್.

ಜೀಪಿನಲ್ಲಿ ಆರೋಪಿ ಒಂದೇ ಒಂದು ಕೇಳಿದ. "ಇದನ್ನ ಕೋರ್ಟಲ್ಲಿ ಹಾಕ್ತೀರಲ್ವಾ? ತಮ್ಮ ಅಲ್ಲೇ ಮೊದಲು ನೋಡಿದ್ರೆ ಅವನ ಎದೆ ಒಡೆದುಹೋಗುತ್ತೆ. ನಾನೇ ಹೇಳ್ತೀನಿ."

ಹೇಗೂ ತಮ್ಮನ ಹೇಳಿಕೆ ಮತ್ತೊಮ್ಮೆ ಪಡೆಯಬೇಕಿತ್ತು. ಇನ್‌ಸ್ಪೆಕ್ಟರ್ ಜೀಪನ್ನು ಆಸ್ಪತ್ರೆಗೆ ತಿರುಗಿಸಿದರು.

ಕಾಲಿಗೆ ಭಾರ ಕಟ್ಟಿಸಿಕೊಂಡು ಮಲಗಿದ್ದ ತಮ್ಮ, ಅಣ್ಣನ ಪಕ್ಕದ ಪೊಲೀಸರನ್ನು ನೋಡಿದ. ಅಣ್ಣ ಬಾಯಿ ತೆರೆಯುವ ಮೊದಲೇ ಹೇಳಿದ: "ನಂಗೆ ಶನಿವಾರವೇ ಎಲ್ಲಾ ನೆನಪಾಯ್ತು ಅಣ್ಣ."

"ಏನಂದೆ?"

"ವ್ಯಾನ್‌ನವನದೇ ತಪ್ಪು ಅಂತ ನೀನು ದಿನಾ ಬಂದು ಹೇಳ್ತಿದ್ದೆ. ಅಮ್ಮನ್ನ ಕೊಂದಿದ್ದು ನಾನು ಅಂತ ಗೊತ್ತಾದ್ರೆ ನಿನ್ನ ಕೈಲಿ ತಡ್ಕೊಳ್ಳೋಕಾಗಲ್ಲ ಅಂತ ಸುಮ್ನಿದ್ದೆ."

ಅಣ್ಣ ಮಂಚದ ಅಂಚಿಗೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತ. ಕಡ್ಡಿ ಎಬ್ಬಿಸಲು ಹೋದ. ಇನ್‌ಸ್ಪೆಕ್ಟರ್ ಬೇಡವೆಂದು ಕೈ ಅಡ್ಡ ಹಿಡಿದರು. ಆದರೆ ಹೇಳಿಕೆಗೆ ನಾಳೆಯವರೆಗೆ ಕಾಯಲು ಅವರು ಸಿದ್ಧರಿರಲಿಲ್ಲ. ಇವರಿಬ್ಬರ ಮೌನಕ್ಕೆ ಬೆಲೆ ತೆರುತ್ತ ಜೈಲಿನಲ್ಲಿ ಕೂತವನು ಮೂರನೆಯವನು. 5.35ಕ್ಕೆ ರೈಟರ್ ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡ.

"ನಿಧಾನವಾಗಿ ಹೇಳ್ತೀನಿ, ಬರ್ಕೊಳ್ಳಿ," ಎಂದ ತಮ್ಮ. "ಅಮ್ಮ ಮೂರು ಸಲ ವಾಪಸ್ ತಿರುಗೋ ಅಂದ್ಲು. ಅದನ್ನೂ ಬಿಡದೆ ಬರೀರಿ."