ಅವಳ ಹೆಸರು ಅಳಿಸಿದವನು

'ನಿಮಗೆ ಪ್ರವೇಶವಿಲ್ಲ.'

ಗಂಗಾಂಬಿಕಾ ಕಣ್ಣುಜ್ಜಿಕೊಂಡು ಪಾಸ್‌ವರ್ಡ್ ಮತ್ತೆ ಹೊಡೆದಳು. ಲ್ಯಾಪ್‌ಟಾಪ್ ಮತ್ತೆ ಅದನ್ನೇ ಹೇಳಿತು. ತಲೆಯೆತ್ತಿದರೆ ಹೊಸಪೇಟೆ ಲಾಡ್ಜಿನ ಮೂಲೆಯಲ್ಲಿದ್ದ ಯಂತ್ರದ ಪರದೆಯ ಮೇಲೆ ಹೊಸ ಹೆಸರು... 'ಉಸ್ತುವಾರಿ: ಲಿಂಗರಾಜ್.'

ಲಿಂಗರಾಜ್?

ನೋಟು ಹಾಕಿದರೆ ಫೋನಿಗೆ ಬಿಟ್‌ಕಾಯಿನ್ ಕಳಿಸುವ ಯಂತ್ರಗಳು ಹೊಸಪೇಟೆ, ಕಂಪ್ಲಿ, ಸಂಡೂರಿನ ಲಾಡ್ಜುಗಳಿಗೆ ಬಂದಾಗ, ಅವನ್ನೆಲ್ಲ ಒಂದೇ ಕಡೆಯಿಂದ ನೋಡಿಕೊಳ್ಳುವ ಸಾಫ್ಟ್‌ವೇರ್ ಅಳವಡಿಸಿದವಳು ಅವಳು. ಯಂತ್ರವನ್ನು ಸಾಫ್ಟ್‌ವೇರಿಗೆ ಯಾರು ಜೋಡಿಸುತ್ತಾರೋ ಅವರ ಹೆಸರೇ ಉಸ್ತುವಾರಿ ಎನ್ನುವುದು ಅವರ ಆಫೀಸಿನ ರೂಢಿ. ನಿನ್ನೆಯವರೆಗೂ ಎಲ್ಲ ಕಡೆ ಅವಳ ಹೆಸರೇ ಇತ್ತು.

ಲಿಂಗರಾಜ್ ಯಂತ್ರಗಳ ಬೀಗ, ವೈರು ನೋಡಿಕೊಳ್ಳುವವನು. ಕಂಪ್ಲಿಯಲ್ಲಿ ಮೊದಲ ದಿನವೇ ಯಂತ್ರ ನಡೆಯದೆ ಇಬ್ಬರೂ ಬೈದಾಡಿಕೊಂಡಿದ್ದರು. ತಪ್ಪು ತನ್ನ ವೈರಿನದೆಂದು ಗೊತ್ತಾದ ಮೇಲೆ ಅವನು ನಾಚಿಕೊಂಡು ಮಿರ್ಚಿ ಕೊಡಿಸಿದ್ದ. ಆಮೇಲೆ ಬೈಕಿನಲ್ಲಿ ಊರೂರು ತಿರುಗುವಾಗ ಅವಳದು ಮುಗಿಯದ ಮಾತು. ಪಾಸ್‌ವರ್ಡನ್ನೂ ಹೇಳಿದ್ದಳು... ಮನೆಯವರಿಗೆ ಹೇಳದ ಎಷ್ಟೋ ವಿಷಯವನ್ನೂ.

'ನನ್ನ ಕೆಲಸ ಕಸಗೊಳ್ಳಾಕ ಅಷ್ಟು ಸಮಾಧಾನದಿಂದ ಕೇಳಿಸ್ಕೊಂಡ್ಯಾ...'

ಅವನು ಫೋನ್ ಎತ್ತಲಿಲ್ಲ. ಲಾಡ್ಜಿನ ಒಡತಿ ಜಂಬಮ್ಮ ಅವನು ಮುಂಜಾನೆಯೇ ಸಂಡೂರಿಗೆ ಹೋದದ್ದನ್ನು ಹೇಳಿದರು. ಗಂಗಾಂಬಿಕಾಗೆ ಏನೂ ಹೇಳಬೇಡಿ ಎಂದು ಅವನು ಬೇಡಿಕೊಂಡದ್ದನ್ನೂ ಸೇರಿಸಿಯೇ ಹೇಳಿಬಿಟ್ಟರು!

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನನ್ನು ಶಪಿಸಿದಳು.

ಸಂಡೂರಿನ ಲಾಡ್ಜಿನಲ್ಲಿ ಅವನು ಯಂತ್ರದ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದ.

"ನನ್ನ ಹೆಸರು ಯಾಕ ತೆಗದ್ರಿ?"

ಲಿಂಗರಾಜ್ ಸ್ಕ್ರೂಡ್ರೈವರ್ ಕೆಳಗಿಟ್ಟ. ತಡವರಿಸುತ್ತಲೇ ಬಾಯಿಬಿಟ್ಟ. ಆಫೀಸಿನ ಯಜಮಾನ ಈ ವ್ಯವಹಾರವನ್ನು ಸರ್ಕಾರದಲ್ಲಿ ನೋಂದಾಯಿಸಿಯೇ ಇರಲಿಲ್ಲ. ಪೊಲೀಸರು ವಿಚಾರಣೆಗೆ ಬರುವವರಿದ್ದಾರೆ. ಉಸ್ತುವಾರಿ ಯಾರೋ ಅವರನ್ನೇ ಮೊದಲು ಹಿಡಿಯುತ್ತಾರೆ.

"ನಿಮ್ಮನ್ನ ಸ್ಟೇಷನ್ನಿಗೆ ಕರದ್ರ ನನ್ನ ಕೈಲಿ ನೋಡಾಕ ಆಗ್ತಿದ್ದಿಲ್ರಿ. ಅದಕ್ಕ..."

ಅವಳ ಸಿಟ್ಟು ಇಳಿಯಲಿಲ್ಲ. ಇನ್ನೂ ಏರಿತು.

"ನನಗ ಹೇಳಬೇಕಿತ್ತು."

"ಹೇಳಿದ್ರ ನೀವು ಕೇಳ್ತಿದ್ದಿಲ್ಲ."

"ಹೌದು, ಕೇಳ್ತಿದ್ದಿಲ್ಲ. ಎಲ್ಲಾ ಯಂತ್ರ ಬಂದ್ ಮಾಡಿ, ನಾನಾ ಹೋಗಿ ಇದ್ದದ್ದು ಹೇಳಿ ಬರ್ತಿದ್ದೆ. ಈಗ ನಿಮ್ಮನ್ನ ಕಟಕಟ್ಯಾಗ ನಿಲ್ಲಿಸಿ ನಾ ಸುಮ್ನ ಮನ್ಯಾಗ ಕುಂದ್ರಬೇಕೇನು? ಇದು ಉಪಕಾರ ಅಲ್ರಿ... ಮೋಸ."

ಲಿಂಗರಾಜ್ ತನ್ನ ಫೋನ್ ತೆಗೆದು ಸಾಫ್ಟ್‌ವೇರ್ ತೆರೆದು ಅವಳ ಕೈಗಿಟ್ಟ.

ಗಂಗಾಂಬಿಕಾ ಯಂತ್ರಗಳನ್ನೆಲ್ಲ ಬಂದ್ ಮಾಡಿದಳು. ಅವನ ಹೆಸರಿನ ಪಕ್ಕದಲ್ಲೇ ತನ್ನದನ್ನೂ ಹಾಕಿದಳು. ಹೇಳಿಕೆ ಕೊಡಲು ನಾಳೆ ಇಬ್ಬರೂ ಹೋಗುವುದೆಂದಳು. ಅವನು ತಲೆಯಾಡಿಸಿದ. ಆಗ ಮಾತ್ರ ಅವಳ ಕಣ್ಣು ತುಂಬಿ ಬಂತು.

"ನನ್ನ ಕೇಳದ ಇನ್ನೇನರ ತೀರ್ಮಾನ ಮಾಡೀರೇನು?"

ಅವನು ಸ್ಕ್ರೂಡ್ರೈವರ್ ಎತ್ತಿ ಮತ್ತೆ ಕೆಳಗಿಟ್ಟ.

"ಒಂದೈತ್ರಿ... ಮದುವಿ ಆಗ್ತೀರೇನು ಅಂದ್ರ ನೀವು ಒಲ್ಲೆ ಅಂತೀರಿ ಅಂತ... ನಾನಾ ತೀರ್ಮಾನ ಮಾಡಿಬಿಟ್ಟೀನಿ."

ಅವಳು ಮೂಗೊರೆಸಿಕೊಂಡಳು.

"ಅದನ್ನರ ಕೇಳ್ರಿ, ಲಿಂಗರಾಜ್."

"ಆಗ್ತೀರೇನ್ರಿ?"

"ಸಿಟ್ಟು ಇನ್ನೂ ಭಾಳ ಐತಿ..." ಎಂದು ಅವನ ಪಕ್ಕದಲ್ಲೇ ನೆಲಕ್ಕೆ ಕೂತಳು. "ಅದನ್ನ ಇಟ್ಕೊಂಡಾ ಆಗ್ತೀನಿ."