ಓಣಿಗೊಂದೇ ಕುರ್ಚಿ

"ಚಪ್ಪಲಿ ಹೊರಗೆ ಬಿಟ್ಟು ಬನ್ನಿ. ನಿಮ್ಮ ಪ್ರಶ್ನೆಗಳನ್ನೂ ಅದರ ಪಕ್ಕದಲ್ಲೇ ಬಿಟ್ಟು ಬಂದ್ರೆ ಇನ್ನೂ ಒಳ್ಳೇದು!"

ಹೀಗೆ ಸ್ವಾಗತಿಸಿದವಳ ಕೈಯಲ್ಲಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯಿತ್ತು. ಬಾಗಿಲಲ್ಲಿ ನಿಂತವನ ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬ್. ಅವನು ಕತ್ತರಿಯನ್ನೊಮ್ಮೆ, ಅವಳ ಮುಖವನ್ನೊಮ್ಮೆ ನೋಡಿದ. ಯಾವುದು ಹೆಚ್ಚು ಹರಿತ ಅಂತ ತಕ್ಷಣ ಹೇಳುವುದು ಕಷ್ಟವಿತ್ತು.

ಕೆಳಗಿನ ಓಣಿಯಲ್ಲಿ ಅವಳನ್ನು ಎಲ್ಲರೂ 'ಕತ್ತರಿ' ಅಂತಲೇ ಕರೆಯುತ್ತಿದ್ದರು. ಟೈಲರ್ ಕೆಲಸ ಮಾಡ್ತಾಳಲ್ಲ, ಅದಕ್ಕೆ ಅಂತ ಅವಳ ಎದುರಿಗೆ ಹೇಳುತ್ತಿದ್ದರು. ಬೆನ್ನ ಹಿಂದೆ ಹೇಳುತ್ತಿದ್ದ ಕಾರಣವೇ ಬೇರೆ!

"ನಾನು ಮನೆಮನೆ ಸಮೀಕ್ಷೆಗೆ..."

"ಗೊತ್ತು. ಯಾರು ಎಷ್ಟು ಬಡವರು ಅಂತ ಅಳೆಯೋಕೆ ಬಂದಿದೀರಿ. ನಾನೂ ಅಳೆಯೋಳೇ. ಅಳತೆ ತಗೊಂಡ ಮೇಲೆ ನಾನು ಬಟ್ಟೆನಾದ್ರೂ ಹೊಲಿದು ಕೊಡ್ತೀನಿ. ನೀವೇನು ಕೊಡ್ತೀರಿ?"

ಅವನಿಗೆ ನಗು ಬಂತು. ಅಯ್ಯೋ, ಆ ಹೊತ್ತಿನಲ್ಲಿ ನಗಬಾರದಿತ್ತು.

"ನಗೋಕೆ ಇಲ್ಲೇನು ನಾಟಕ ನಡೀತಿದ್ಯಾ?"

"ಇಲ್ಲ ಮೇಡಂ... ಕೂತ್ಕೋಬಹುದಾ?"

ಅವಳು ಗತ್ತಿನಿಂದ ಬೆತ್ತದ ಕುರ್ಚಿಯತ್ತ ಕೈ ತೋರಿಸಿದಳು. ಅದರ ಒಂದು ಕೈ ಮುರಿದಿತ್ತು, ಹಸಿರು ತಂತಿ ಸುತ್ತಿ ಬಿಗಿದಿದ್ದರು. ಅವನು ಕೂತ. ಅವಳ ಅಮ್ಮ ಗೋಡೆಗೊರಗಿ, ಬಟ್ಟೆ ಸುತ್ತಿದ ಕಾಲು ಚಾಚಿಕೊಂಡು, ಚಾಪೆಯ ಮೇಲೆಯೇ ಇದ್ದರು.

ಈ ಕುರ್ಚಿಯ ವಿಷಯ ಮೊದಲು ಹೇಳಿಬಿಡುತ್ತೇನೆ. ಅದು ಇವರದ್ದಲ್ಲ, ಮೂಲೆಮನೆ ಚಿಕ್ಕಮ್ಮನದು. ಆಟೋ ನುಗ್ಗದ ಆ ಓಣಿಯಲ್ಲಿ ಯಾರಿಗೆ ಕಾಯಿಲೆಯಾದರೂ ಅದರಲ್ಲೇ ಕೂರಿಸಿ, ಇಬ್ಬರು ಹೊತ್ತು ದೊಡ್ಡ ರಸ್ತೆಗೆ ಮುಟ್ಟಿಸಬೇಕು. ಸಕ್ಕರೆ ಕಾಯಿಲೆಯಿಂದ ಮಾಯದೇ ಉಳಿದ ಅಮ್ಮನ ಕಾಲಿನ ಗಾಯಕ್ಕೆ ಆಗಾಗ ಪಟ್ಟಿ ಕಟ್ಟಿಸಬೇಕಿತ್ತು. ಆಸ್ಪತ್ರೆಗೆ ಎರಡು ಬಸ್ಸು ಬದಲಿಸಬೇಕು. ಇನ್ನೂ ತಡ ಮಾಡಿದರೆ ಕಾಲೇ ಉಳಿಯುವುದಿಲ್ಲ ಅಂತ ಡಾಕ್ಟರು ಹೇಳಿಬಿಟ್ಟಿದ್ದರು. ಈ ಸಮೀಕ್ಷೆಯಲ್ಲಿ ಯಾವ ಜನ ತೀರಾ ಹಿಂದೆ ಉಳಿದಿದ್ದಾರೆ ಅಂತ ಗೊತ್ತಾಗುತ್ತದೋ, ಅವರಿರುವ ಕಡೆ ಒಂದು ಚಿಕಿತ್ಸಾಲಯ ಬರುವುದಿತ್ತು. ಕತ್ತರಿಗೆ ಈ ಲೋಕದಲ್ಲಿ ಬೇಕಾಗಿದ್ದು ಅದೊಂದೇ.

ಹಾಗಿದ್ದರೆ ಇದ್ದದ್ದನ್ನು ಇದ್ದ ಹಾಗೆ ತೋರಿಸಬೇಕಿತ್ತಲ್ಲ ಅಂತೀರಾ? ತಡೀರಿ. ಹಿಂದಿನ ಸಲ ಬಂದ ಸರ್ವೆಯವನು ಮೂಗಿಗೆ ಕರವಸ್ತ್ರ ಹಿಡಿದು ಒಳಗೆ ಬಂದು, ಪೆನ್ನಿನ ತುದಿಯಿಂದ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಎತ್ತಿದ್ದ. "ಲೋ, ಇಲ್ಲಿ ಬರೀ ನೀರು ಕುದೀತಿದೆ ಕಣೋ!" ಅಂತ ಹೊರಗಿದ್ದ ಗೆಳೆಯನಿಗೆ ಕೂಗಿ ಹೇಳಿದ್ದ. ಅಮ್ಮ ಆ ದಿನವೆಲ್ಲ ಮುಖ ತೋರಿಸಲಿಲ್ಲ.

ಅದಕ್ಕೇ ಈ ಸಲ ಕತ್ತರಿ ಟೊಂಕ ಕಟ್ಟಿ ನಿಂತಿದ್ದಳು. ಚಿಕ್ಕಮ್ಮನ ಕುರ್ಚಿ, ಇನ್ನೊಬ್ಬರ ಟೇಬಲ್ ಫ್ಯಾನು, ಮತ್ತೊಬ್ಬರ ಗೋಡೆ ಗಡಿಯಾರ. ಸರ್ವೆಯವನು ಒಂದು ಮನೆಯಿಂದ ಹೊರಟ ಕೂಡಲೇ ಸಾಮಾನೆಲ್ಲ ಹಿತ್ತಲ ದಾರಿಯಲ್ಲಿ ಮುಂದಿನ ಮನೆ ಸೇರಬೇಕು. ಅವನು ಚಪ್ಪಲಿ ಮೆಟ್ಟಿಕೊಳ್ಳುವಷ್ಟರಲ್ಲಿ ಕೆಲಸ ಮುಗಿಯಬೇಕು. ಕಾಯಿಲೆ ಕೇಳ್ತಾರೆ, ಆಸ್ಪತ್ರೆ ಎಷ್ಟು ದೂರ ಅಂತ ಕೇಳ್ತಾರೆ, ಅದನ್ನು ನಿಜ ಹೇಳಿದರಾಯಿತು ಅಂತ ಅವಳು ಅಂದುಕೊಂಡಿದ್ದಳು. ಕುರ್ಚಿಗೂ ಫ್ಯಾನಿಗೂ ಅಂಕ ಕೊಟ್ಟು ಅನುಕೂಲಸ್ಥರ ಲೆಕ್ಕಕ್ಕೆ ಸೇರಿಸುತ್ತಾರೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ.

"ಮನೇಲಿ ಎಷ್ಟು ಜನ?" ಅವನು ಶುರು ಮಾಡಿದ.

"ಇಬ್ಬರು. ಮೂರನೆಯವರಿಗೆ ಜಾಗ ಇಲ್ಲ."

"ದಿನಕ್ಕೆ ಎಷ್ಟು ಹೊತ್ತು ಊಟ?"

"ಹಸಿವಾದಾಗೆಲ್ಲ!"

"ಹೋದ ತಿಂಗಳಲ್ಲಿ ಯಾರಾದ್ರೂ ಹಸಿದು ಮಲಗಿದ್ದುಂಟಾ?"

ಅಮ್ಮ ಬಾಯಿ ತೆರೆದರು. ಮಗಳು ದುರುಗುಟ್ಟಿ ನೋಡಿದಳು. ಅಮ್ಮ ಬಾಯಿ ಮುಚ್ಚಿದರು.

"ಇಲ್ಲ ಅಂತ ಬರ್ಕೊಳ್ಳಿ," ಅಂದಳು.

ಅವನು ಬರೆದುಕೊಂಡ. ಆಮೇಲೆ ಮೆಲ್ಲಗೆ ಕೇಳಿದ. "ಸ್ವಲ್ಪ ನೀರು ಸಿಗುತ್ತಾ?"

ಅವಳಿಗೆ ಅನುಮಾನ. "ಯಾಕೆ, ನೀರು ಹೇಗಿದೆ ಅಂತ ನೋಡೋದೂ ಸರ್ವೆನಾ?"

"ಇಲ್ಲ... ಬಾಯಾರಿಕೆ."

ಅನುಕೂಲಸ್ಥರಿದ್ದ ಮೇಲಿನ ಬೀದಿಯ ಕಡೆಯಿಂದ ಬಂದ ಯಾರೂ ಆ ಓಣಿಯಲ್ಲಿ ನೀರು ಮುಟ್ಟಿದ್ದನ್ನು ಅವಳು ನೋಡಿರಲಿಲ್ಲ. ಇವನು ಗಟಗಟನೆ ಕುಡಿದು, ಲೋಟ ತಾನೇ ಒಳಗೆ ಇಟ್ಟು, "ಥ್ಯಾಂಕ್ಸ್ ಅಮ್ಮಾ" ಅಂದು ಹೊರಟ. ಕತ್ತರಿಯ ಎದೆಯೊಳಗೆ ಏನೋ ಒಂದು ಮಿಸುಕಿತು. 'ಛೀ, ನೀರು ಕುಡಿದಿದ್ದಕ್ಕೆಲ್ಲ ಕರಗ್ತಾರೇನೇ!' ಅಂತ ತನಗೇ ಬೈದುಕೊಂಡು, ಕುರ್ಚಿ ಎತ್ತಿಕೊಂಡು ಹಿತ್ತಲಿಗೆ ಓಡಿದಳು.

ಪಕ್ಕದ ಮನೆಯಲ್ಲೂ ಅದೇ ಕುರ್ಚಿ. ಅದರಾಚೆಯ ಮನೆಯಲ್ಲೂ. ಒಂದು ಮನೆಗಂತೂ ಕರೆಂಟೇ ಇರಲಿಲ್ಲ, ಆದರೂ ಗೂಡಿನಲ್ಲಿ ಟೇಬಲ್ ಫ್ಯಾನು ಠೀವಿಯಿಂದ ಕೂತಿತ್ತು! ಅವನು ಬೆವರು ಒರೆಸಿಕೊಳ್ಳುತ್ತಾ ಅದನ್ನೇ ನೋಡಿದ. ಏನೂ ಕೇಳಲಿಲ್ಲ.

* * *

ಕೆಲವು ದಿನಗಳ ಮೇಲೆ ಅವನು ಅವಳು ಕೆಲಸ ಮಾಡುವ ಟೈಲರ್ ಅಂಗಡಿಗೆ ಬಂದ. ಅಂಗಿಯ ಜೇಬು ಹರಿದಿತ್ತು.

"ಓಹೋ, ಸರ್ವೆ ಸಾಹೇಬ್ರು! ಜೇಬೇ ಹರಿದಿದೆಯಲ್ಲ... ನಿಮ್ಮನ್ನ ಯಾರು ಅಳೀತಾರೆ?"

"ನೀವೇ ಅಳೆದುಬಿಡಿ. ಅಮ್ಮನ ಕಾಲು ಹೇಗಿದೆ?"

"ಕಾಲಿನ ಹಾಗೇ ಇದೆ. ನಾಳೆ ಬನ್ನಿ."

ಮರುವಾರ ಇನ್ನೊಂದು ಅಂಗಿ ತಂದ. ಗುಂಡಿ ಬಿದ್ದಿದೆ ಅಂದ. ಅವಳು ಬಟ್ಟೆಯನ್ನು ಬೆಳಕಿಗೆ ಹಿಡಿದಳು.

"ಬಿದ್ದಿಲ್ಲ, ಕತ್ತರಿಸಿದೀರಿ. ಬಿದ್ದ ಗುಂಡಿಯ ದಾರ ಎಳೆಎಳೆಯಾಗಿರುತ್ತೆ. ಇದು ಬ್ಲೇಡಿನ ಕೆಲಸ."

ಅವನ ಕಿವಿ ಕೆಂಪಾಯಿತು. "ಇನ್ನೇನು ನೆಪ ಮಾಡ್ಕೊಂಡು ಬರ್ಲಿ? ಸುಮ್ಮನೆ ಬಂದ್ರೆ ಒಳಗೆ ಬಿಡ್ತೀರಾ?"

"ಬಿಡಲ್ಲ!"

ಹಾಗಂದವಳು ಆ ಗುಂಡಿಯನ್ನು ಎರಡು ಪಟ್ಟು ಬಿಗಿಯಾಗಿ ಹೊಲಿದಳು. ಹೊಲಿಯುವಾಗ ನಗುತ್ತಿದ್ದಳು. ಇನ್ನು ಬೇಗ ಕಿತ್ತುಬರೋದಿಲ್ಲ, ಅಯ್ಯೋ, ಹಾಗಾದರೆ ಮತ್ತೆ ಬರೋದೂ ಇಲ್ಲವಲ್ಲ ಅಂತ ಆಮೇಲೆ ಪೇಚಾಡಿದಳು.

ಅಷ್ಟರಲ್ಲಿ ಫಲಿತಾಂಶ ಬಂತು. ಮೇಲಿನ ಬೀದಿಯವರಿಗೂ ಕೆಳಗಿನ ಓಣಿಯವರಿಗೂ ಬದುಕಿನ ಮಟ್ಟದಲ್ಲಿ ವ್ಯತ್ಯಾಸವೇ ಇಲ್ಲವಂತೆ! ಓಣಿಯ ಪ್ರತಿ ಮನೆಯಲ್ಲೂ ಕುರ್ಚಿ, ಫ್ಯಾನು, ಗಡಿಯಾರ ಇವೆಯಂತೆ. ಚಿಕಿತ್ಸಾಲಯ ಬೇರೆ ಕಡೆಗೆ ಹೋಯಿತು.

ಕತ್ತರಿ ಮಷೀನು ನಿಲ್ಲಿಸಿ ಎದ್ದಳು. ನೇರ ಅವನ ಕಚೇರಿಗೆ ನಡೆದಳು. ಅಲ್ಲಿ ಎಷ್ಟು ಜನರಿದ್ದಾರೆ ಅಂತಲೂ ನೋಡಲಿಲ್ಲ.

"ನಮ್ಮನೆ ನೀರು ಕುಡಿದು ನಮಗೇ ದ್ರೋಹ ಬಗೆದ್ರಲ್ರೀ! ನಾವು ಅನುಕೂಲಸ್ಥರಾ? ಕಣ್ಣಿರಲಿಲ್ವಾ ನಿಮಗೆ?"

"ನಿಧಾನ... ನೀವು ತೋರಿಸಿದ್ದನ್ನೇ ನಾನು ಬರೆದೆ."

"ಒಂದೇ ಕುರ್ಚಿ ಕಣ್ರೀ ಅದು! ಹಸಿರು ತಂತಿ ಸುತ್ತಿದ ಒಂದೇ ಕುರ್ಚಿ! ಅಷ್ಟೂ ಗೊತ್ತಾಗ್ಲಿಲ್ವಾ?"

ಅವನು ತಲೆ ತಗ್ಗಿಸಿದ. "ಗೊತ್ತಾಯ್ತು. ಎರಡನೇ ಮನೇಲೇ ಗೊತ್ತಾಯ್ತು."

"ಗೊತ್ತಾಗಿಯೂ ಹಾಗೆ ಬರೆದ್ರಾ?"

"ನಾನು ಚಿಕ್ಕವನಿದ್ದಾಗ ನಮ್ಮನೆಗೂ ಸರ್ವೆಯವನು ಬಂದಿದ್ದ," ಅವನ ದನಿ ತಗ್ಗಿತು. "ಅಮ್ಮ ಪಕ್ಕದ ಮನೆಯಿಂದ ಒಳ್ಳೇ ಕಂಬಳಿ ತಂದು ಹಾಸಿದ್ಲು. ಇದು ನಿಂದಲ್ಲ ಅಲ್ವಾ ಅಂತ ಅವನು ಬೀದಿಗೆಲ್ಲ ಕೇಳೋ ಹಾಗೆ ಅಂದ. ಅಮ್ಮನ ಮುಖ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾನು ಯಾರ ಮುಖಾನೂ ಹಾಗೆ ಮಾಡಬಾರದು ಅಂದ್ಕೊಂಡೆ. ನಿಮ್ಮ ಮರ್ಯಾದೆ ಉಳಿಸೋಣ ಅಂತ..."

"ಮರ್ಯಾದೆ!" ಅವಳ ಕಣ್ಣು ತುಂಬಿತು, ಸಿಟ್ಟಿಗೋ ಸಂಕಟಕ್ಕೋ. "ನಿಮ್ಮ ಮರ್ಯಾದೆ ತಗೊಂಡು ನಮ್ಮಮ್ಮ ನಡೀತಾಳಾ? ಇನ್ಮೇಲೆ ನನ್ನ ಕಣ್ಣಿಗೆ ಬೀಳಬೇಡಿ!"

ಮನೆಗೆ ಬಂದು ದಿಂಬಿಗೆ ಮುಖ ಒತ್ತಿದಳು. ಅಮ್ಮ ಅವಳ ತಲೆ ಸವರಿದರು.

"ಅವನನ್ನ ಬೈದ್ಯಾ?"

"ಹೂಂ."

"ಕುರ್ಚಿ ಹೊತ್ಕೊಂಡು ಓಡಿದ್ದು ಯಾರೇ?"

ಅವಳು ದಿಂಬಿನಲ್ಲಿ ಮುಖ ಇನ್ನಷ್ಟು ಹುದುಗಿಸಿದಳು. ಅದೇ ತಾನೇ ಅವಳನ್ನು ಒಳಗೊಳಗೇ ಸುಡುತ್ತಿದ್ದದ್ದು!

* * *

ಆಕ್ಷೇಪಣೆಗಳನ್ನು ಕೇಳಲು ಕಚೇರಿಯಲ್ಲಿ ಸಭೆ ಕರೆದಿದ್ದರು. ಮೇಲಿನ ಬೀದಿಯವರು ಮುಂದಿನ ಸಾಲಿನಲ್ಲಿ ಕೂತಿದ್ದರು. ಕತ್ತರಿ, ಚಿಕ್ಕಮ್ಮನ ಜೊತೆ ಕುರ್ಚಿ ಹೊತ್ತುಕೊಂಡು, ಬಾಗಿಲ ಹತ್ತಿರ ಬರುವಷ್ಟರಲ್ಲಿ ಒಳಗಿನಿಂದ ಅವನ ದನಿ ಕೇಳಿಸಿತು.

"ಸರ್, ಕೆಳಗಿನ ಓಣಿ ವಿಷಯದಲ್ಲಿ ತಪ್ಪು ನನ್ನದು. ನಾನು ಯಾರ ಮನೆಯೊಳಗೂ ಹೋಗಲಿಲ್ಲ. ಕೂತಲ್ಲೇ ಅಂದಾಜಿನ ಮೇಲೆ ತುಂಬಿಬಿಟ್ಟೆ. ದಯವಿಟ್ಟು ಇನ್ನೊಮ್ಮೆ ಸಮೀಕ್ಷೆ ಮಾಡಿಸಿ."

"ನಿನ್ನ ಕೆಲಸ ಹೋಗುತ್ತೆ, ಗೊತ್ತೇನಯ್ಯಾ?" ಮೇಲಧಿಕಾರಿಯ ದನಿ.

"ಗೊತ್ತು ಸರ್."

ಕತ್ತರಿ ನಿಂತಲ್ಲೇ ನಿಂತಳು. ಓಣಿಯವರು ಸುಳ್ಳರು ಅನ್ನಿಸಿಕೊಳ್ಳಬಾರದು ಅಂತ ಇವನು ತನ್ನ ಅನ್ನಕ್ಕೇ ಕಲ್ಲು ಹಾಕಿಕೊಳ್ಳುತ್ತಿದ್ದಾನೆ! ಅಯ್ಯೋ ಪಾಪದವನೇ, ನಿನಗೆ ಬುದ್ಧಿ ಯಾವಾಗ ಬರುತ್ತೆ...

"ಸುಳ್ಳು!"

ಎಲ್ಲರೂ ತಿರುಗಿದರು. ಬಾಗಿಲಲ್ಲಿ ಬೆತ್ತದ ಕುರ್ಚಿ. ಅದರಲ್ಲಿ ಅಮ್ಮ. ಒಂದು ಕಡೆ ಕತ್ತರಿ, ಇನ್ನೊಂದು ಕಡೆ ಏದುಸಿರು ಬಿಡುತ್ತಿದ್ದ ಚಿಕ್ಕಮ್ಮ. ಇಬ್ಬರೂ ಕುರ್ಚಿಯನ್ನು ಸಭೆಯ ನಟ್ಟನಡುವೆ ಇಳಿಸಿದರು.

"ಇವರು ಒಳಗೆ ಬಂದಿದ್ರು ಸರ್. ನಮ್ಮನೆ ನೀರು ಕುಡಿದಿದ್ರು. ಸುಳ್ಳು ಹೇಳಿದ್ದು ನಾವು. ನಾನು." ಅವಳು ಕುರ್ಚಿಯ ಹಸಿರು ತಂತಿ ತೋರಿಸಿದಳು. "ನಮ್ಮ ಓಣಿಗೆಲ್ಲ ಇರೋದು ಇದೊಂದೇ ಕುರ್ಚಿ. ನೀವು ಎಣಿಸಿದ್ದು ಇದನ್ನೇ, ಪ್ರತಿ ಮನೇಲೂ. ಇದನ್ನ ನಾವು ಕೂತ್ಕೊಳ್ಳೋಕೆ ಇಟ್ಕೊಂಡಿಲ್ಲ. ಕಾಯಿಲೆಯವರನ್ನ ಹೊರೋಕೆ ಇಟ್ಕೊಂಡಿದೀವಿ."

ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವಳು ಅತ್ತ ತಿರುಗಲಿಲ್ಲ. ಅವನ ಕಡೆಗೆ ತಿರುಗಿದಳು.

"ಹೋದ ತಿಂಗಳಲ್ಲಿ ಯಾರಾದ್ರೂ ಹಸಿದು ಮಲಗಿದ್ದುಂಟಾ ಅಂತ ಕೇಳಿದ್ರಿ. ಉಂಟು. ಬಹಳ ಸಲ ಉಂಟು. ಈಗ ಬರ್ಕೊಳ್ಳಿ."

ಆ ಮಾತು ಹೇಳಲು ಅವಳಿಗೆ ಎಷ್ಟು ಕಷ್ಟವಾಯಿತೆಂದು ಆ ಸಭೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬರು ಕುರ್ಚಿಯಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಇನ್ನೊಬ್ಬ ಎದುರಿಗೆ ನಿಂತು, ಅವಳನ್ನೇ ನೋಡುತ್ತಿದ್ದ.

ಮೇಲಧಿಕಾರಿ ಎದ್ದು ಬಂದು ಕುರ್ಚಿಯ ಹಸಿರು ತಂತಿಯನ್ನು ಮುಟ್ಟಿ ನೋಡಿದರು. ಓಣಿಯ ಸಮೀಕ್ಷೆ ಹೊಸದಾಗಿ ಆಗಲಿ ಅಂದರು. ಅವನಿಗೆ ಎಲ್ಲರ ಎದುರಿಗೇ ಚೆನ್ನಾಗಿ ಉಗಿದರು, ಕಚೇರಿಯ ಮೂಲೆಗೆ ಹಾಕಿದರು, ಸಮೀಕ್ಷೆ ಮುಗಿಯುವವರೆಗೂ ಆ ಓಣಿಗೆ ಕಾಲಿಡಕೂಡದು ಅಂತ ತಾಕೀತು ಮಾಡಿದರು. ಕೆಲಸ ಮಾತ್ರ ಉಳಿಯಿತು.

ಈ ಸಲ ಬಂದವಳು ಒಬ್ಬ ಹುಡುಗಿ. ಯಾವ ಮನೆಯಲ್ಲೂ ಕುರ್ಚಿ ಇರಲಿಲ್ಲ. ಅವಳು ಎಲ್ಲ ಕಡೆ ಚಾಪೆಯ ಮೇಲೆ ಕೂತು ಬರೆದುಕೊಂಡು ಹೋದಳು.

* * *

ಓಣಿಯ ಬಾಯಲ್ಲಿ ಚಿಕಿತ್ಸಾಲಯ ತೆರೆಯಿತು. ಅಮ್ಮನ ಗಾಯ ಮಾಯತೊಡಗಿತ್ತು, ಕೋಲೂರಿಕೊಂಡು ತಾವೇ ಅಲ್ಲಿಗೆ ಹೋಗಿ ಬರುತ್ತಿದ್ದರು. ಕತ್ತರಿ ಮಾತ್ರ ದಿನಾ ಅಂಗಡಿಯ ಬಾಗಿಲು ನೋಡುತ್ತಿದ್ದಳು. ಕಣ್ಣಿಗೆ ಬೀಳಬೇಡಿ ಅಂದಿದ್ದು ತಾನೇ ಅಲ್ಲವೇ? ಆ ಮಹಾನುಭಾವ ಅದನ್ನೂ ಅಕ್ಷರಶಃ ಪಾಲಿಸಬೇಕಾ!

ಒಂದು ಭಾನುವಾರ ಬೆಳಿಗ್ಗೆ ಮನೆಯ ಬಾಗಿಲಲ್ಲಿ ನೆರಳು ಬಿತ್ತು. ಕೊರಳಲ್ಲಿ ಚೀಟಿಯಿಲ್ಲ, ಕೈಯಲ್ಲಿ ಟ್ಯಾಬ್ ಇಲ್ಲ. ಅವಳು ಬಿಗಿಯಾಗಿ ಹೊಲಿದ ಗುಂಡಿಯ ಅಂಗಿ ತೊಟ್ಟಿದ್ದ.

ಅವಳ ಎದೆ ಡವಡವ ಹೊಡೆದುಕೊಂಡಿತು. ಮುಖ ಮಾತ್ರ ಗಂಟು!

"ಚಪ್ಪಲಿ ಹೊರಗೆ ಬಿಟ್ಟು ಬನ್ನಿ."

"ಪ್ರಶ್ನೆಗಳು?"

"ಒಂದನ್ನ ಒಳಗೆ ತರಬಹುದು."

ಅವನು ಒಳಗೆ ಬಂದ. ಅಮ್ಮ ಗೋಡೆಯ ಕಡೆ ತಿರುಗಿ ಇಲ್ಲದ ನಿದ್ದೆ ಮಾಡತೊಡಗಿದರು.

"ಈ ಮನೇಲಿ ಎಷ್ಟು ಜನ?"

ಅವಳು ಮೂಲೆಯಲ್ಲಿ ಸುತ್ತಿಟ್ಟಿದ್ದ ಚಾಪೆ ತಂದು ಬಿಡಿಸಿ ಹಾಸಿದಳು. ಅವನು ಸುತ್ತ ಕಣ್ಣಾಡಿಸಿದ.

"ಕುರ್ಚಿ?"

"ಚಿಕ್ಕಮ್ಮನ ಮನೇಲಿದೆ."

"ಇವತ್ತು ನನಗೆ ತರಲಿಲ್ವಾ? ಇನ್ನೂ ಅಷ್ಟು ಕೋಪನಾ?"

"ಕುರ್ಚಿ ಹೊರಗಿನವರಿಗೆ," ಅಂದಳು. ಇಲ್ಲದ ಸುಕ್ಕನ್ನು ಚಾಪೆಯ ಮೇಲೆ ಸವರುತ್ತಾ ಇದ್ದಳು, ತಲೆ ಎತ್ತಲಿಲ್ಲ. "ಮನೆಯವರು ಚಾಪೆ ಮೇಲೆ ಕೂತ್ಕೋತಾರೆ."

ಅವನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದ ಮೇಲೆ ಚಾಪೆಯ ಅಂಚಿಗೆ ಬಂದು ನಿಂತ.

"ಹಾಗಾದ್ರೆ... ಎಷ್ಟು ಜನ ಅಂತ ಬರ್ಕೊಳ್ಲಿ?"

"ಏನೂ ಬರ್ಕೋಬೇಡಿ," ಅಂದಳು ಕತ್ತರಿ, ಮೊದಲ ಸಲ ಅಷ್ಟು ಮೆತ್ತಗೆ. "ಕೂತ್ಕೊಳ್ಳಿ. ನೀರು ತರ್ತೀನಿ."